ಓದಲು ತಡವರಿಸುವ ಮಗು ದಡ್ಡ ಮಗುವಲ್ಲ



ಕೆಲವು ವರ್ಷಗಳ ಹಿಂದೆ, ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಮದ್ದು ಬಿಡುವ ಸಮಯದಲ್ಲಿ, ನಾವು ನಮ್ಮ ಇಗರ್ಜಿಗೆ ಸೇರಿದ ಒಂದು ಮನೆಗೆ ಭೇಟಿ ಕೊಟ್ಟಿದ್ದೆವು. ಅಂಗಳದಲ್ಲಿ ಬೋರ್ಡೋ ದ್ರಾವಣ ತಯಾರಾಗುತ್ತಿತ್ತು. ಐದನೆಯ ತರಗತಿಯ ಹುಡುಗನೊಬ್ಬ ತಂದೆಯ ಪಕ್ಕದಲ್ಲಿ ನಿಂತು ನಮಗೇ ಪಾಠ ಹೇಳಿದ: "ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು ಒಟ್ಟು 100 ಲೀಟರ್. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು ಫಾದರ್." ತಂದೆ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅದಕ್ಕೆ ಕೆಂಪು ಬಣ್ಣ ಹಿಡಿದಿತ್ತು. "ಸುಣ್ಣ ಸಾಲದು ಅಪ್ಪಾ" ಎಂದು ಮೊದಲು ಹೇಳಿದವನು ಅವನೇ.

ಇದೇ ಹುಡುಗನನ್ನು ಒಂದು ತಿಂಗಳ ಹಿಂದೆ ಧರ್ಮೋಪದೇಶ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ ಓದಿಸಿದ್ದೆವು. ಎರಡನೆಯ ಸಾಲಿನಲ್ಲೇ ಅವನು ನಿಂತುಬಿಟ್ಟ. ಮಕ್ಕಳು ನಕ್ಕರು. "ಮನೆಯಲ್ಲಿ ಪುಸ್ತಕ ಮುಟ್ಟುವುದಿಲ್ಲವೇ?" ಎಂದು ನಾವು ಗದರಿದೆವು. ಆ ಮೇಲಿನ ಆದಿತ್ಯವಾರಗಳಲ್ಲಿ ಹೊಟ್ಟೆನೋವೆಂದು ಅವನು ಬರಲೇ ಇಲ್ಲ. ಅಂಗಳದಲ್ಲಿ ಅವನ ಮಾತು ಕೇಳಿದಾಗ ತಪ್ಪು ಯಾರದೆಂದು ನಮಗೆ ತಿಳಿಯಿತು. ಅವನ ತಾಯಿ ಮಾತ್ರ, "ಇವನಿಗೆ ಶಾಲೆ ಆಗುವುದಿಲ್ಲ ಫಾದರ್. ಏಳನೆಯದು ಮುಗಿದರೆ ತೋಟಕ್ಕೇ ಹಾಕುವುದು" ಎಂದು ನಿಟ್ಟುಸಿರು ಬಿಟ್ಟರು.

ಇದು ಏನು?

ಈ ತೊಡಕಿಗೆ ಡಿಸ್‌ಲೆಕ್ಸಿಯಾ ಎಂದು ಹೆಸರು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮೋರ್ಗನ್ ಅವರು 14 ವರ್ಷದ ಇಂಥ ಒಬ್ಬ ಹುಡುಗನ ವಿಷಯವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಯಲ್ಲಿ ಇವನಷ್ಟು ಚುರುಕಿನವನು ಬೇರೆ ಇರಲಾರನೆಂದು ಅವನ ಶಿಕ್ಷಕರು ಹೇಳಿದ್ದರಂತೆ. ಇಂಥ ಮಕ್ಕಳಿಗೆ ಬುದ್ಧಿಯ ಕೊರತೆ ಇರುವುದಿಲ್ಲ. ಕಿವಿಗೆ ಕೇಳುವ ಧ್ವನಿಯನ್ನೂ ಕಣ್ಣಿಗೆ ಕಾಣುವ ಅಕ್ಷರವನ್ನೂ ಜೋಡಿಸುವ ಕೆಲಸ ಅವರ ಮೆದುಳಿಗೆ ಸುಲಭವಾಗಿ ಒದಗುವುದಿಲ್ಲ, ಅಷ್ಟೆ. ಇದು ಸೋಮಾರಿತನವಲ್ಲ, ಹೆತ್ತವರ ತಪ್ಪೂ ಅಲ್ಲ. ಹಲವು ಕುಟುಂಬಗಳಲ್ಲಿ ವಂಶದಲ್ಲೇ ಬರುತ್ತದೆ. ಇದಕ್ಕೆ ಮಾತ್ರೆ, ಟಾನಿಕ್ ಇಲ್ಲ. ಸರಿಯಾದ ಕಲಿಸುವಿಕೆಯೇ ಮದ್ದು.

ಹೇಗೆ ಗುರುತಿಸುವುದು?

1. ಬ-ಭ, ದ-ಧ, ಮ-ವ ಮುಂತಾದ ಅಕ್ಷರಗಳು, ಕಾಗುಣಿತ ಮತ್ತು ಒತ್ತಕ್ಷರಗಳು ಮೂರನೆಯ, ನಾಲ್ಕನೆಯ ತರಗತಿಗೆ ಬಂದರೂ ತಪ್ಪುತ್ತವೆ.
2. ಒಂದೇ ಪದವನ್ನು ಒಂದೇ ಪುಟದಲ್ಲಿ ಎರಡು ಮೂರು ರೀತಿ ಬರೆಯುತ್ತದೆ.
3. ಓದು ಬಹಳ ನಿಧಾನ. ಆದರೆ ಓದಿ ಹೇಳಿದರೆ ಚೆನ್ನಾಗಿ ಅರ್ಥಮಾಡಿಕೊಂಡು ಉತ್ತರಿಸುತ್ತದೆ.
4. ಶಾಲೆಯ ದಿನ ಬೆಳಿಗ್ಗೆ ಮಾತ್ರ ಹೊಟ್ಟೆನೋವು, ತಲೆನೋವು.

ಇವುಗಳಲ್ಲಿ ಒಂದನ್ನು ಕಂಡ ಮಾತ್ರಕ್ಕೆ ನಿರ್ಧಾರಕ್ಕೆ ಬರಬಾರದು. ಮೊದಲು ಕಣ್ಣು, ಕಿವಿಗಳ ಪರೀಕ್ಷೆ ಮಾಡಿಸಬೇಕು. ನಮ್ಮ ಕಾಸರಗೋಡಿನ ಮಕ್ಕಳಿಗೆ ಮನೆಯಲ್ಲಿ ಕೊಂಕಣಿ ಅಥವಾ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಭಾಷೆ ಹೊಸದಾದ್ದರಿಂದ ಮೊದಲ ವರ್ಷ ಹಿಂದೆ ಬೀಳುವುದು ಸಹಜ. ಆದರೆ ಭಾಷೆ ಬಂದ ಮೇಲೂ ಅಕ್ಷರ ಬಾರದಿದ್ದರೆ ಗಮನಿಸಬೇಕು.

ಶಾಲೆಯಲ್ಲಿ ಏನಾಯಿತು?

ನಾವು ತಾಯಿಯೊಂದಿಗೆ ಶಾಲೆಗೆ ಹೋಗಿ ತರಗತಿಯ ಟೀಚರನ್ನು ಕಂಡೆವು. ಅವರಿಗೂ ಸಂಶಯವಿತ್ತು. ಬಿ.ಆರ್.ಸಿ. ಎಂದು ಕರೆಯುವ ಬ್ಲಾಕ್ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕಿಯನ್ನು ಅವರು ಕರೆಸಿದರು. ಎಲ್ಲರ ಮುಂದೆ ಓದಿಸುವುದು ನಿಂತಿತು. ತಟ್ಟೆಯಲ್ಲಿ ಹೊಯಿಗೆ ಹರಡಿ, ಧ್ವನಿಯನ್ನು ಬಾಯಲ್ಲಿ ಹೇಳುತ್ತ ಬೆರಳಿನಿಂದ ಅಕ್ಷರ ತಿದ್ದಿಸಿದರು. ಒಂದು ಗಟ್ಟಿಯಾದ ಮೇಲೆಯೇ ಇನ್ನೊಂದು. ಪಾಠದ ಪ್ರಶ್ನೆಗಳಿಗೆ ಬಾಯಲ್ಲೇ ಉತ್ತರಿಸಲು ಬಿಟ್ಟರು.

ಒಂದು ದಿನ ಟೀಚರ್ ಅವನನ್ನು ಕರೆದು ಬೋರ್ಡೋ ದ್ರಾವಣ ಮಾಡುವ ಕ್ರಮವನ್ನು ತರಗತಿಗೆ ವಿವರಿಸಲು ಹೇಳಿದರು. ಕತ್ತಿಯ ಪರೀಕ್ಷೆಯ ತನಕ ಅವನು ತಪ್ಪಿಲ್ಲದೆ ಹೇಳಿದ. ಹಿಂದೆ ನಕ್ಕ ಮಕ್ಕಳೇ ಅವನನ್ನು ಪ್ರಶ್ನೆ ಕೇಳಿದರು. ಹೊಟ್ಟೆನೋವು ಕಡಿಮೆಯಾದದ್ದು ಆ ಮೇಲೆಯೇ ಎಂದು ತಾಯಿ ಹೇಳುತ್ತಾರೆ. ಏಳನೆಯದು ಮುಗಿಸಿ ಅವನು ಈಗ ಪ್ರೌಢಶಾಲೆಗೆ ಹೋಗುತ್ತಿದ್ದಾನೆ. ಓದು ಈಗಲೂ ನಿಧಾನವೇ. ಆದರೆ ಓದುತ್ತಾನೆ.

ಹೆತ್ತವರು ತಿಳಿದಿರಬೇಕಾದದ್ದು

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿಕೊಂಡಿದೆ. ಇಂಥ ಮಕ್ಕಳನ್ನು ಬೇಗನೆ ಗುರುತಿಸಿ ತಕ್ಕಂತೆ ಕಲಿಸುವುದು ಶಾಲೆಯ ಕರ್ತವ್ಯ. 8 ವರ್ಷ ತುಂಬಿದ ಮಕ್ಕಳನ್ನು ತಜ್ಞರು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಅರ್ಹರಾದ ಮಕ್ಕಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು ಮುಂತಾದ ಸೌಲಭ್ಯಗಳಿವೆ. ಪರೀಕ್ಷೆ ಹತ್ತಿರ ಬರುವ ತನಕ ಕಾಯದೆ ಮುಖ್ಯೋಪಾಧ್ಯಾಯರ ಮೂಲಕ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು.

ಮನೆಯಲ್ಲಿ ದಿನಕ್ಕೆ 15 ನಿಮಿಷ ಜೊತೆಗೆ ಕುಳಿತು ಓದಿರಿ. ಒಂದು ಸಾಲು ನೀವು, ಒಂದು ಸಾಲು ಮಗು. ನಿಮಗೆ ಓದು ಬಾರದಿದ್ದರೆ ಅಕ್ಕನೋ ಅಣ್ಣನೋ ಓದಲಿ. ಹೊಡೆಯಬೇಡಿ, ಅಣ್ಣತಮ್ಮಂದಿರಿಗೆ ಹೋಲಿಸಬೇಡಿ. ಮಗು ಚೆನ್ನಾಗಿ ಮಾಡುವ ಒಂದು ಕೆಲಸವನ್ನು ಇತರರ ಮುಂದೆ ಹೊಗಳಿರಿ.

ತೋಟದಲ್ಲಿ ಒಂದು ಅಡಿಕೆ ಸಸಿ ಹಿಂದೆ ಬಿದ್ದರೆ ನಾವು ಅದನ್ನು ಬೈಯುವುದಿಲ್ಲ. ಬುಡ ಬಿಡಿಸಿ, ನೀರು ನಿಂತಿದೆಯೋ, ಬೇರಿಗೆ ಹುಳ ಹಿಡಿದಿದೆಯೋ ಎಂದು ನೋಡುತ್ತೇವೆ. ಮಕ್ಕಳ ವಿಷಯದಲ್ಲಿ ಅಷ್ಟು ತಾಳ್ಮೆ ನಮಗೇ ಇರಲಿಲ್ಲ. ನಿಮ್ಮ ಮನೆಯಲ್ಲಿ ಇಂಥ ಮಗುವಿದ್ದರೆ, ಶಾಲೆ ಬಿಡಿಸುವ ಮಾತು ಆಡುವ ಮೊದಲು ಟೀಚರನ್ನು ಒಮ್ಮೆ ಕಾಣಿರಿ. ಜೊತೆಗೆ ಬರಲು ನಾವು ಸಿದ್ಧರಿದ್ದೇವೆ.