ಎಂಟಕ್ಷರದ ಊರುಗಳು

ಗಣಕಯಂತ್ರದ ಪರದೆಯ ಮೇಲೆ ಚಿತ್ರಗಳು ಮೂಡುವ ಮುನ್ನ, ಇಂಗ್ಲಿಷ್ ಅಕ್ಷರಗಳಲ್ಲಿ ಆಜ್ಞೆಯನ್ನು ಬೆರಳಚ್ಚಿಸಿದರಷ್ಟೇ ಅದು ಕೆಲಸ ಮಾಡುತ್ತಿದ್ದ ಕಾಲವೊಂದಿತ್ತು. 1974ರಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ರಚಿಸಿದ ಸಿಪಿ/ಎಂ ಈ ಬಗೆಯ ವ್ಯವಸ್ಥೆಗಳಲ್ಲಿ ಮೊದಲು ಹೆಸರಾದುದು. ಅದರ ಮಾದರಿಯಲ್ಲಿ ಟಿಮ್ ಪ್ಯಾಟರ್‌ಸನ್ 1980ರಲ್ಲಿ ಬರೆದುದನ್ನು ಮೈಕ್ರೋಸಾಫ್ಟ್ ಕೊಂಡು, 1981ರಲ್ಲಿ ಐಬಿಎಂ ಯಂತ್ರಕ್ಕೆ ಡಾಸ್ ಆಗಿ ಒದಗಿಸಿತು.

ಎರಡರಲ್ಲಿಯೂ ಒಂದೇ ಕಟ್ಟಳೆ: ಕಡತದ ಹೆಸರು ಎಂಟಕ್ಷರ ಮೀರಕೂಡದು, ಚುಕ್ಕೆಯ ನಂತರ ಕಡತದ ಬಗೆ ತಿಳಿಸಲು ಮೂರಕ್ಷರ. ಡಿಸ್ಕಿನ ಪಟ್ಟಿಯಲ್ಲಿ ಪ್ರತಿ ಕಡತಕ್ಕೂ 32 ಬೈಟುಗಳ ಸಾಲು. ಅದರಲ್ಲಿ ಹೆಸರಿನ ಪಾಲಿಗೆ ಬಂದುದು 11.

ಈ ಕಟ್ಟಳೆಯನ್ನು ನಮ್ಮ ಜಿಲ್ಲೆಗೆ ಅನ್ವಯಿಸಿ ನೋಡೋಣ. ಗುಂಡ್ಲುಪೇಟೆ ಇಂಗ್ಲಿಷಿನಲ್ಲಿ ಒಂಬತ್ತಕ್ಷರ. ಕಡೆಯದನ್ನು ಡಾಸ್ ತಾನಾಗಿ ಕತ್ತರಿಸುತ್ತಿತ್ತು. ಚಾಮರಾಜನಗರ ಹದಿನಾಲ್ಕು, ನಗರ ಹೋಗಿ ಚಾಮರಾಜ ಮಾತ್ರ ಉಳಿಯುತ್ತಿದ್ದ! ಇದು ಬರಿಯ ವಿನೋದವಲ್ಲ. ಬೆಂಗಳೂರಿನ ಚಾಮರಾಜಪೇಟೆಗೂ ಅದೇ ಎಂಟಕ್ಷರವಷ್ಟೆ. ಒಂದೂರಿನ ಕಡತವಿದ್ದಲ್ಲಿಗೆ ಇನ್ನೊಂದೂರಿನದನ್ನು ನಕಲು ಮಾಡಿದರೆ ಮೊದಲಿನದು ಸದ್ದಿಲ್ಲದೆ ಅಳಿಯುತ್ತಿತ್ತು. ಅಳಿಸಲೇ ಎಂದು ಕೇಳುವ ಸೌಜನ್ಯ ಅದಕ್ಕೆ ಬಂದುದು 1993ರ 6.2ನೆಯ ಆವೃತ್ತಿಯಲ್ಲಿ.

1995ರ ವಿಂಡೋಸ್ ಉದ್ದ ಹೆಸರುಗಳಿಗೆ ಎಡೆಗೊಟ್ಟಿತು. ಯೂನಿಕೋಡ್ ಬಳಕೆಗೆ ಬಂದಮೇಲೆ ಗುಂಡ್ಲುಪೇಟೆ ಎಂದು ಕನ್ನಡದಲ್ಲಿಯೇ ಕಡತಕ್ಕೆ ಹೆಸರಿಡಬಹುದಾಗಿದೆ. ಯಂತ್ರದ ಮಿತಿಗಳು ಮನುಷ್ಯರ ನಿರ್ಧಾರಗಳೇ. ನಮ್ಮೂರಿನ ಹೆಸರು ಯಂತ್ರದಲ್ಲಿ ಹಿಡಿಸದಿದ್ದರೆ ತಿದ್ದಬೇಕಾದುದು ಯಂತ್ರವನ್ನು; ಈ ಇತಿಹಾಸದಿಂದ ನಾನು ಗ್ರಹಿಸಿದ ಪಾಠವಿದು.