ರಕ್ತಪರೀಕ್ಷೆಯಿಂದ ಅರ್ಬುದ ರೋಗದ ಪತ್ತೆ

ಅರ್ಬುದ ಅಥವಾ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ, ಹಲವು ರೋಗಗಳ ಗುಂಪು. ಸ್ತನ, ಗರ್ಭಕಂಠ, ಕರುಳು ಮೊದಲಾದ ಕೆಲವು ಅಂಗಗಳ ಅರ್ಬುದವನ್ನು ಲಕ್ಷಣಗಳು ಕಾಣುವ ಮೊದಲೇ ಹುಡುಕಲು ಪರೀಕ್ಷೆಗಳುಂಟು. ಮೇದೋಜೀರಕ ಗ್ರಂಥಿ, ಅಂಡಾಶಯಗಳ ಅರ್ಬುದಕ್ಕೆ ಆರೋಗ್ಯವಂತರಿಗೆಲ್ಲ ಮಾಡುವಂಥ ಪರೀಕ್ಷೆ ರೂಢಿಯಲ್ಲಿಲ್ಲ. ಒಮ್ಮೆ ತೆಗೆದ ರಕ್ತದಿಂದಲೇ ಹಲವು ಅರ್ಬುದಗಳನ್ನು ಗುರುತಿಸಲು ಹೊರಟದ್ದು ಈ ಕೊರತೆಯನ್ನು ನೀಗಲೆಂದೇ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಊರಿನಲ್ಲಿ ಯಾರಿಗೆ ಆಸ್ಪತ್ರೆಯ ಚೀಟಿ ಬಂದರೂ ಓದಿ ಹೇಳುವ ಹೊಣೆ ನನ್ನದು. ಆದುದರಿಂದ, ಇಂಥ ವರದಿ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ತಿಳಿಯಲು ಯತ್ನಿಸಿದ್ದೇನೆ.

ಜೀವಕೋಶಗಳು ಸತ್ತಾಗ ಅವುಗಳ ಡಿಎನ್‌ಎ ತುಣುಕುಗಳು ರಕ್ತಕ್ಕೆ ಸೇರುತ್ತವೆ. ರಕ್ತದ ದ್ರವಭಾಗದಲ್ಲಿ ಇಂಥ ವಸ್ತುವಿರುವುದನ್ನು 1948ರಲ್ಲಿ ಫ್ರಾನ್ಸಿನ ಮಾಂಡೆಲ್ ಮತ್ತು ಮೆತೇ ಎಂಬವರು ತೋರಿಸಿದರು. ಡಿಎನ್‌ಎ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತುಗಳಿರುತ್ತವೆ. ಅರ್ಬುದ ಕೋಶಗಳಲ್ಲಿ ಈ ಗುರುತುಗಳ ವಿನ್ಯಾಸವೇ ಬೇರೆ. ಅದರಿಂದ ರೋಗ ಯಾವ ಅಂಗದ್ದೆಂಬ ಸುಳಿವೂ ದೊರೆಯುತ್ತದೆ. 2021ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ‘ಗ್ಯಾಲೆರಿ’ ಪರೀಕ್ಷೆಯ ತತ್ತ್ವ ಇದೇ.

ಇನ್ನು ಫಲಿತಾಂಶದ ಮಾತು. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಪರೀಕ್ಷೆ ನಾಲ್ಕನೆಯ ಹಂತದ ಅರ್ಬುದಗಳಲ್ಲಿ ನೂರಕ್ಕೆ 90ರಷ್ಟನ್ನು ಗುರುತಿಸಿತು; ಮೊದಲನೆಯ ಹಂತದಲ್ಲಿ ಸುಮಾರು 17ನ್ನು ಮಾತ್ರ. ಸಣ್ಣ ಗೆಡ್ಡೆ ರಕ್ತಕ್ಕೆ ಬಿಡುವ ತುಣುಕುಗಳೂ ಅತ್ಯಲ್ಪವಷ್ಟೆ. ಆದ್ದರಿಂದ ‘ಸುಳಿವಿಲ್ಲ’ ಎಂದರೆ ‘ರೋಗವಿಲ್ಲ’ ಎಂದಲ್ಲ. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, 50 ವರ್ಷ ದಾಟಿದ 6,621 ಮಂದಿಯಲ್ಲಿ 92 ಮಂದಿಗೆ ಸುಳಿವು ಕಂಡಿತು. ಅವರಲ್ಲಿ ಅರ್ಬುದ ದೃಢಪಟ್ಟದ್ದು 35 ಮಂದಿಗೆ. ಉಳಿದ 57 ಮಂದಿಯದು ವೃಥಾ ಭೀತಿ. ಆದ್ದರಿಂದ ‘ಸುಳಿವಿದೆ’ ಎಂಬುದೂ ಕೊನೆಯ ತೀರ್ಪಲ್ಲ. ಮುಂದಿನ ತಪಾಸಣೆಗೆ ಕರೆ ಮಾತ್ರ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಮರಣದ ದಿನ ಬದಲಾಗದೆ ರೋಗ ಮಾತ್ರ ನಾಲ್ಕು ವರ್ಷ ಮುಂಚೆ ತಿಳಿದರೆ, ರೋಗಿ ನಾಲ್ಕು ವರ್ಷ ಹೆಚ್ಚು ಬದುಕಿದಂತೆ ಲೆಕ್ಕದಲ್ಲಿ ತೋರುತ್ತದೆ, ಆಯುಷ್ಯ ಬೆಳೆದಿರುವುದಿಲ್ಲ. ಬೇಗ ಪತ್ತೆಯಾದುದರಿಂದ ಸಾವು ಕಡಿಮೆಯಾಯಿತೇ ಎಂಬುದೇ ನಿಜವಾದ ಒರೆಗಲ್ಲು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಜನರ ಬಾಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದ ಪ್ರಯೋಗ ಈ ಒರೆಗೆ ನಿಂತಿತು. 2005ರ ವರದಿಯಂತೆ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಯ ಅರ್ಬುದದ ಸಾವು ಸುಮಾರು ಮೂರನೆಯ ಒಂದು ಪಾಲು ತಗ್ಗಿತು.

ಹೊಸ ಪರೀಕ್ಷೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದರ ಹಿಂದಿನ ವಿಜ್ಞಾನ ಅದ್ಭುತವಾದುದೇ. ಆದರೆ ಅದನ್ನೂ ಇದೇ ಒರೆಗೆ ಹಚ್ಚಬೇಕು. ಅಲ್ಲಿಯವರೆಗೆ, ಬಾಯಲ್ಲಿ ಮಾಯದ ಹುಣ್ಣು ಕಂಡವರನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯುವುದು ಓದುಬರಹ ಬಲ್ಲ ನಮ್ಮೆಲ್ಲರಿಂದಲೂ ಆಗುವ ಕೆಲಸ.