ಮಗುವಿನ ಕೈಕಾಲು ತಾನಾಗಿಯೇ ಅಲುಗುತ್ತಿದೆಯೇ?

“ಹಕೀಮ್ ಸಾಹೇಬರೇ, ಹುಡುಗಿ ಚೆನ್ನಾಗಿಯೇ ಇದ್ದಳು. ಒಂದು ತಿಂಗಳಿಂದ ಕೈಯಲ್ಲಿ ಲೋಟ ನಿಲ್ಲುತ್ತಿಲ್ಲ, ಅಕ್ಷರ ಕೆಟ್ಟಿದೆ, ಸುಮ್ಮಸುಮ್ಮನೆ ಅಳುತ್ತಾಳೆ. ಯಾರದೋ ನಜರ್ ತಾಗಿರಬೇಕು.” ಬಸವಕಲ್ಯಾಣ, ಹುಮನಾಬಾದ್ ಕಡೆಯ ತಾಯಂದಿರು ಹೀಗೆ ಹೇಳಿದರೆ ನಾನು ಮೊದಲು ಕೇಳುವುದು ಇದನ್ನೇ: “ಕಳೆದ ಆರು ತಿಂಗಳಲ್ಲಿ ಮಗುವಿಗೆ ಜ್ವರ, ಗಂಟಲು ನೋವು ಬಂದಿತ್ತೇ?”

ಈ ಕಾಯಿಲೆಯ ಹೆಸರು ಸಿಡೆನ್‌ಹ್ಯಾಮ್ ಕೊರಿಯಾ. 1686ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ಅವರ ಹೆಸರೇ ಇದಕ್ಕೆ ಬಂದಿದೆ. 5ರಿಂದ 15 ವರ್ಷದ ಮಕ್ಕಳಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಇದು ಹೆಚ್ಚು.

ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಗಂಟಲಿಗೆ ಸೇರಿದಾಗ ದೇಹವು ಅದರ ವಿರುದ್ಧ ಹೋರಾಡುತ್ತದೆ. ಕೆಲವು ಮಕ್ಕಳಲ್ಲಿ ಆ ರಕ್ಷಣಾ ಶಕ್ತಿಯೇ ದಾರಿ ತಪ್ಪಿ, ಚಲನೆಯನ್ನು ಹತೋಟಿಯಲ್ಲಿಡುವ ಮೆದುಳಿನ ಭಾಗದ ಮೇಲೆ ಬೀಳುತ್ತದೆ. ಹೃದಯದ ಕವಾಟಗಳನ್ನೂ ಬಿಡುವುದಿಲ್ಲ.

ಗುರುತಿಸುವುದು ಹೇಗೆ? ನಾಲಿಗೆ ಹೊರಚಾಚಿ ಹಿಡಿಯಲು ಹೇಳಿ. ಅದು ನಿಲ್ಲದೆ ಒಳಗೆ ಹೋಗುತ್ತದೆ. ನಿಮ್ಮ ಬೆರಳು ಹಿಡಿಯಲು ಹೇಳಿ. ಹಾಲು ಕರೆಯುವಂತೆ ಬಿಗಿಯಾಗಿ ಸಡಿಲವಾಗುತ್ತದೆ. ನಿದ್ದೆಯಲ್ಲಿ ಅಲುಗಾಟ ನಿಲ್ಲುತ್ತದೆ. ಇದು ತುಂಟತನವಲ್ಲ, ಮಗುವನ್ನು ಗದರಿಸಬೇಡಿ.

ನಮ್ಮ ಯುನಾನಿ ಗ್ರಂಥಗಳಲ್ಲಿ ನಡುಕಕ್ಕೆ ‘ರಅಶಾ’ ಎಂಬ ಹೆಸರಿದೆ. ಆದರೆ ಈ ಮಗುವಿಗೆ ಖಮೀರಾ, ಮಜೂನ್ ಕೊಟ್ಟು ಕಾಯುವುದು ತಪ್ಪೆಂದು ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ. ಕೂಡಲೇ ಮಕ್ಕಳ ತಜ್ಞರಿಗೆ ತೋರಿಸಿ. ಹೃದಯದ ಎಕೋ ಪರೀಕ್ಷೆ ಆಗಲೇಬೇಕು. ಅದಕ್ಕೆ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ. ಅಲುಗಾಟ ಹೆಚ್ಚಿದ್ದರೆ ಅದನ್ನು ತಗ್ಗಿಸುವ ಮಾತ್ರೆಗಳಿವೆ, ಕೆಲವರಿಗೆ ಸ್ಟೀರಾಯ್ಡ್ ಬೇಕಾಗುತ್ತದೆ. ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಅಲುಗಾಟ ಇಳಿಯುತ್ತದೆ.

ಅನೇಕ ಮನೆಗಳು ಎಡವುವುದು ಇಲ್ಲಿಯೇ. ಮಗು ಗುಣವಾಯಿತೆಂದು ಪೆನಿಸಿಲಿನ್ ಇಂಜೆಕ್ಷನ್ ನಿಲ್ಲಿಸುತ್ತಾರೆ. ಮತ್ತೆ ಗಂಟಲಿನ ಸೋಂಕು ತಗುಲಿದರೆ ಕಾಯಿಲೆ ಮರಳಬಹುದು, ಹೃದಯದ ಕವಾಟ ಕೆಡಬಹುದು. ಆದ್ದರಿಂದ ಸಾಮಾನ್ಯವಾಗಿ 3 ವಾರಕ್ಕೊಮ್ಮೆ, ಹೃದಯ ಚೆನ್ನಾಗಿದ್ದರೂ ಕನಿಷ್ಠ 5 ವರ್ಷ ಅದನ್ನು ಕೊಡಿಸಬೇಕು. ಎಷ್ಟು ವಯಸ್ಸಿನವರೆಗೆ ಎಂಬುದನ್ನು ವೈದ್ಯರು ಹೇಳುತ್ತಾರೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ತಿಳಿಸಿ, ಬೇರೆ ಔಷಧವಿದೆ. ರಮಝಾನ್‌ನಲ್ಲೂ ತಪ್ಪಿಸಬೇಡಿ. ಆಹಾರವಲ್ಲದ ಇಂಜೆಕ್ಷನ್‌ನಿಂದ ರೋಜಾ ಮುರಿಯುವುದಿಲ್ಲ ಎಂಬುದು ಹೆಚ್ಚಿನ ಉಲಮಾಗಳ ಅಭಿಪ್ರಾಯ. ಮನಸ್ಸು ಒಪ್ಪದಿದ್ದರೆ ಇಫ್ತಾರ್ ನಂತರ ಕೊಡಿಸಿ.

ಗಂಟಲು ನೋವಿದ್ದ ಮಗುವಿನ ಲೋಟ, ಟವೆಲ್ ಬೇರೆಯಿರಲಿ. ಕೆಮ್ಮುವಾಗ ಬಾಯಿ ಮುಚ್ಚಲು, ಸೋಪಿನಿಂದ ಕೈ ತೊಳೆಯಲು ಕಲಿಸಿ. ವೈದ್ಯರು ಬರೆದ ಆಂಟಿಬಯೋಟಿಕ್ ಅನ್ನು ಅರ್ಧಕ್ಕೆ ಬಿಡಬೇಡಿ. ದುಆ ಮಾಡಿ, ಇಂಜೆಕ್ಷನ್ನಿನ ಮುಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಚಿಕಿತ್ಸೆ ಪಡೆಯುವುದೂ ತವಕ್ಕುಲ್‌ನ ಭಾಗವೇ.